ಬಾಕಿ ಪಟ್ಟಿಯ ಮಗು

ಹೆರಿಗೆ ರಜೆಯಿಂದ ಕೆಲಸಕ್ಕೆ ಮರಳಿದ ಮೊದಲ ಗುರುವಾರ ಯಶೋಧ ಲಸಿಕೆ ಬಾಕಿಯಿರುವ ಮಕ್ಕಳ ಪಟ್ಟಿ ತೆರೆದಳು. ಅದರಲ್ಲಿ ಅವಳ ಮಗುವೂ ಇತ್ತು.

ಹೆಸರಿಡದ ಮಕ್ಕಳನ್ನು ಟ್ಯಾಬಿನಲ್ಲಿದ್ದ ಆಪ್ ತಾಯಿಯ ಹೆಸರಿನಿಂದಲೇ ಕರೆಯುತ್ತಿತ್ತು. 'ಬೇಬಿ ಆಫ್ ಯಶೋಧ' ಎಂದಿತ್ತು. ಹೆಣ್ಣು. ಒಂದೂವರೆ ತಿಂಗಳ ಲಸಿಕೆ. ಪಕ್ಕದಲ್ಲೊಂದು ಕೆಂಪು ಚುಕ್ಕಿ. ಮೇಲೆ ಕೆಳಗೆ ಊರಿನ ಬೇರೆ ಮಕ್ಕಳಿದ್ದವು, ಅವುಗಳ ಪಕ್ಕದಲ್ಲೂ ಅಂಥದೇ ಚುಕ್ಕಿ.

ಅವಳು ಅದನ್ನು ಓದಿದಳು. ಆಮೇಲೆ ಬೆರಳಿನಿಂದ ಪಟ್ಟಿ ಸರಿಸಿ ಮುಂದಿನ ಹೆಸರಿಗೆ ಹೋದಳು. ಹೊರಗೆ ಜಗಲಿಯಲ್ಲಿ ತಾಯಂದಿರು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಲಸಿಕೆ ಡಬ್ಬಿಯ ಮುಚ್ಚಳ ತೆಗೆದಳು, ಐಸಿನ ತಣ್ಣನೆ ಗಾಳಿ ಮುಖಕ್ಕೆ ಬಂತು. ಮೊದಲ ಮಗುವಿನ ತೊಡೆ ಒರೆಸಿ ಸೂಜಿ ಹಾಕಿದಳು. ಮಗು ಕಿರುಚಿಕೊಂಡಿತು. ತಾಯಿಗೆ ಜ್ವರದ ಔಷಧಿ ಎಷ್ಟು ಕೊಡಬೇಕೆಂದು ಹೇಳಿದಳು. ಅವತ್ತು ಬಂದವರಿಗೆಲ್ಲ ಹಾಗೆಯೇ ಹಾಕಿ ಕಳಿಸಿದಳು.  

ಅವಳು ಕೆ.ಆರ್. ಪೇಟೆ ತಾಲ್ಲೂಕಿನ ತೋಪಿನಕೊಪ್ಪಲಿನ ಉಪಕೇಂದ್ರದ ನರ್ಸು. ಗೋವಿಂದನಹಳ್ಳಿಯ ದೇವಸ್ಥಾನ ನೋಡಲು ಬಂದವರು ದಾರಿ ತಪ್ಪಿದರೆ ಮಾತ್ರ ಈ ಊರಿಗೆ ಬರುತ್ತಾರೆ. ಗಂಡ ಗಿರೀಶ ಇದೇ ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಮೊದಲ ಹೆರಿಗೆಯಾದ್ದರಿಂದ ಯಶೋಧ ಪಾಂಡವಪುರದ ಕಡೆಯ ತವರಿಗೆ ಹೋಗಿದ್ದಳು. ಒಂಬತ್ತು ತುಂಬಿದ ಮೇಲೆ ಒಂದು ಬೆಳಿಗ್ಗೆ ಮಗು ಒದೆಯುವುದು ಕಡಿಮೆಯಾಗಿದೆ ಅನ್ನಿಸಿತು. ಅಪ್ಪನ ಜೊತೆ ಹತ್ತಿರದ ಆಸ್ಪತ್ರೆಗೆ ಹೋದಳು. ಅಲ್ಲಿ ಹೊಟ್ಟೆಯ ಮೇಲೆ ಯಂತ್ರವಿಟ್ಟು ಎದೆಬಡಿತ ಹುಡುಕುತ್ತಿದ್ದ ನರ್ಸು ಯಂತ್ರವನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸರಿಸಿದಳು.  ಯಶೋಧ ಆ ಕೆಲಸವನ್ನು ಎಷ್ಟೋ ಹೆಂಗಸರಿಗೆ ಮಾಡಿದವಳು, ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಮಗು ಹುಟ್ಟಿದಾಗ ಕೋಣೆ ಸುಮ್ಮನಿತ್ತು.

ಆಮೇಲಿನ ದಿನಗಳಲ್ಲಿ ಎದೆಗೆ ಹಾಲು ಬಂತು. ಅಮ್ಮ ಹಳೇ ಪಂಚೆ ಹರಿದು ಬಿಗಿಯಾಗಿ ಕಟ್ಟಿದಳು. ಹಾಲು ನಿಂತ ಮೇಲೆ ಯಶೋಧ ಗಂಡನ ಊರಿಗೆ ಬಂದಳು. ರಜೆ ಇನ್ನೂ ಇತ್ತು. ಮನೆಯಲ್ಲಿ ಕೂತು ಮಾಡುವುದೇನು ಎಂದು ಕೆಲಸಕ್ಕೆ ಹೊರಟಳು. ಯಾರೂ ಬೇಡವೆನ್ನಲಿಲ್ಲ.

ಆ ಗುರುವಾರ ಕೊನೆಯ ತಾಯಿ ಹೋದ ಮೇಲೆ ಆಶಾ ಕಾರ್ಯಕರ್ತೆ ಚಲುವಮ್ಮ ಟ್ಯಾಬಿಗೆ ಇಣುಕಿದಳು. ಯಾರು ಬರಲಿಲ್ಲ, ಯಾರ ಮನೆಗೆ ಹೋಗಿ ಕರೆಯಬೇಕು ಎಂದು ನೋಡುವುದು ಅವಳ ಕೆಲಸ. ಯಶೋಧ ಈ ಊರಿಗೆ ಬರುವ ಮೊದಲಿನಿಂದಲೂ ಚಲುವಮ್ಮ ಇಲ್ಲಿದ್ದಳು. ಪಟ್ಟಿಯಲ್ಲಿ ಒಂದೇ ಚುಕ್ಕಿ ಉಳಿದಿತ್ತು.

"ಇದ್ಯಾಕೆ ಇಲ್ಲಿ ಅದೆ ಸಿಸ್ಟ್ರೇ?" ಎಂದಳು ಚಲುವಮ್ಮ, ಸಣ್ಣ ದನಿಯಲ್ಲಿ.

"ಗೊತ್ತಿಲ್ಲ."

"ಆಸ್ಪತ್ರೇಲಿ ಬದುಕಿ ಅದೆ ಅಂತ ಆಕ್ಬುಟ್ಟವ್ರಾ?"

"ಅಂಗೇ ಕಾಣ್ತದೆ."

ಚಲುವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಯಶೋಧ ಟ್ಯಾಬು ಆರಿಸಿ, ಉಳಿದ ಲಸಿಕೆಯನ್ನು ಡಬ್ಬಿಗೆ ತುಂಬಿದಳು.

ಚುಕ್ಕಿ ಅಳಿಸಲು ಅವಳು ನೋಡದೆ ಇರಲಿಲ್ಲ. ಮಗುವಿನ ಪುಟ ತೆರೆದರೆ ತಿದ್ದುವ ಗುಂಡಿಯೇ ಇರಲಿಲ್ಲ. ಎರಡು ದಾರಿ ಮಾತ್ರ ಇದ್ದವು, ಲಸಿಕೆ ಹಾಕಿದೆ ಎನ್ನುವುದು, ಇಲ್ಲವೇ ಊರು ಬಿಟ್ಟು ಹೋಗಿದೆ ಎನ್ನುವುದು. ಮೂರನೆಯದೊಂದು, ತೀರಿಕೊಂಡಿದೆ ಎನ್ನುವುದು, ಮಂಕಾಗಿ ಕಾಣುತ್ತಿತ್ತು. ಅದನ್ನು ಒತ್ತಿದರೆ 'ನಿಮಗೆ ಅನುಮತಿ ಇಲ್ಲ' ಎಂದು ಬರುತ್ತಿತ್ತು.

ಚಲುವಮ್ಮ ಮರುದಿನ ತಾನೇ ಒಂದು ಉಪಾಯ ತಂದಳು. "ಊರು ಬುಟ್ಟೋಯ್ತು ಅಂತ ಆಕ್ಬುಡಿ ಸಿಸ್ಟ್ರೇ. ಎಲ್ಲಾರೂ ಅಂಗೇ ಮಾಡೋದು. ಆ ಆಪಿಗೆ ಒಪ್ಗೆ ಆಗ್ದಿರೋರ್ನೆಲ್ಲ ಊರು ಬುಡ್ಸಿ ಕಳಿಸ್ತಾರೆ."

ಅದು ನಿಜವೇ ಆಗಿತ್ತು. ಎರಡು ಸಲ ನೋಂದಣಿಯಾದ ಬಸುರಿಯರು, ತಪ್ಪು ವಯಸ್ಸು ಬಿದ್ದ ಮುದುಕರು, ಆಧಾರ್ ಹೊಂದದವರು, ಹೀಗೆ ಎಷ್ಟೋ ಜನ ಮನೆಯಲ್ಲೇ ಕೂತಿದ್ದರೂ ಆಪಿನ ಲೆಕ್ಕದಲ್ಲಿ ಊರು ಬಿಟ್ಟಿದ್ದರು. ಯಶೋಧ ಆ ಗುಂಡಿ ಒತ್ತಿದಳು. 'ಯಾವ ಊರಿಗೆ?' ಎಂದು ಆಪ್ ಕೇಳಿತು. ಜಿಲ್ಲೆ, ತಾಲ್ಲೂಕು, ಗ್ರಾಮ ಆರಿಸಬೇಕಿತ್ತು. ಜಿಲ್ಲೆ ಆರಿಸಿದಳು. ತಾಲ್ಲೂಕಿನ ಹೆಸರುಗಳ ಸಾಲು ತೆರೆದುಕೊಂಡಿತು. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ. ಅದನ್ನೇ ನೋಡುತ್ತ ಕೂತಳು. ಪರದೆ ತಾನಾಗಿ ಆರಿಹೋಯಿತು.

"ಆಯ್ತಾ?" ಎಂದಳು ಚಲುವಮ್ಮ.

"ಇಲ್ಲ, ಇರ್ಲಿ ಬುಡು."

ದುಃಖಕ್ಕೆ ಹಾಗೆ ಬಿಟ್ಟಳೆಂದಲ್ಲ. ಯಾವ ಊರಿನ ಹೆಸರು ಹಾಕಬೇಕೆಂದು ಅವಳಿಗೆ ಹೊಳೆಯಲಿಲ್ಲ, ಅಷ್ಟೆ.

ಆ ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರಿಶೀಲನಾ ಸಭೆ ನಡೆಯಿತು. ಸುತ್ತಲಿನ ಉಪಕೇಂದ್ರಗಳ ನರ್ಸುಗಳೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಸಭೆ ನಡೆಸುತ್ತಿದ್ದ ಹಿರಿಯ ಆರೋಗ್ಯ ನಿರೀಕ್ಷಕ ಪುಟ್ಟರಾಜು ನಾಗಮಂಗಲದಿಂದ ಹೊಸದಾಗಿ ವರ್ಗವಾಗಿ ಬಂದವರು. ಅವರಿಗೆ ಇಲ್ಲಿಯವರ ಮುಖಗಳೇ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಕೇಂದ್ರಗಳ ಹೆಸರು ಬಿದ್ದಿತ್ತು. ಎಲ್ಲ ಹಸಿರು, ತೋಪಿನಕೊಪ್ಪಲು ಮಾತ್ರ ಕೆಂಪು.

"ತೋಪಿನಕೊಪ್ಪಲು ಯಾರಮ್ಮ?"

ಯಶೋಧ ಎದ್ದು ನಿಂತಳು.

"ಎಲ್ಲಾ ಚೆನ್ನಾಗಿ ಮಾಡಿದ್ದೀರ. ಒಂದೇ ಒಂದು ಮಗುಗೋಸ್ಕರ ಇಡೀ ಕೇಂದ್ರದ ಮಾನ ಹೋಗ್ತಾ ಅದೆ. ಮನೆತಾವ ಹೋಗಿ ಹಾಕ್ಬುಟ್ಟು ಬನ್ನಿ. ಅವ್ರಪ್ಪ ಅವ್ವ ಒಪ್ತಾ ಇಲ್ವಾ?"

ಕುರ್ಚಿಗಳಲ್ಲಿ ಕೂತವರೆಲ್ಲ ನೆಲ ನೋಡಿದರು. 

"ಆಯ್ತು ಸಾರ್," ಎಂದು ಯಶೋಧ ಕೂತಳು.

ಟೀ ಬಂತು. ಕುಡಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವರು ಹೇಳಿದ ಮಾತು ಮನಸ್ಸಿಗೆ ನಾಟಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ನಾಟಿತೋ ಇಲ್ಲವೋ ಎಂದು ತಿಳಿಯಲಿಲ್ಲ. ಹಲ್ಲು ಕೀಳುವಾಗ ಮರಗಟ್ಟಿಸುವ ಸೂಜಿ ಹಾಕಿದ ಮೇಲೆ ಕೆನ್ನೆ ಮುಟ್ಟಿಕೊಂಡರೆ ಹೇಗೋ ಹಾಗಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಗಿರೀಶನಿಗೆ ಹೇಳಿದಳು. ಅವನು ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ನಂಗೂ ಬರ್ತಾ ಅದೆ," ಎಂದ.

"ಏನು?"

"ಮೆಸೇಜು. ನಿಮ್ಮ ಮಗೀಗೆ ಲಸಿಕೆ ದಿನ ಬಂದದೆ, ತಪ್ದೆ ಆಕ್ಸಿ ಅಂತ. ತಾಯಿ ಕಾರ್ಡಿಗೆ ನನ್ನ ನಂಬ್ರ ತಾನೇ ಕೊಟ್ಟಿದ್ದು."

"ಯಾವತ್ತಿಂದ ಬರ್ತಾ ಅದೆ?"

"ಆಗ್ಲಿಂದ್ಲೂ."

"ಏನು ಮಾಡ್ದ್ರಿ ಅದ್ನ?"

"ಏನು ಮಾಡ್ಲಿ? ಅಳ್ಸಿ ಆಕ್ದೆ. ನಿಂಗೆ ಯಾಕೆ ಏಳೋದು ಅಂತ ಸುಮ್ನಾದೆ."

ಅವಳು ಅವನ ತಟ್ಟೆಗೆ ಸಾರು ಬಡಿಸಿದಳು. ಅವನು ತಿಂದ. ಅವಳೂ ತಿಂದಳು. ಅವರು ಆ ವಿಷಯ ಮಾತಾಡಿದ್ದು ಅಷ್ಟೆ.

ಮುಂದಿನ ವಾರ ಯಶೋಧ ಒಂದು ದಿನ ರಜೆ ಹಾಕಿ ತವರಿನ ಕಡೆಯ ಆ ಆಸ್ಪತ್ರೆಗೆ ಹೋದಳು. ಹೆರಿಗೆ ವಾರ್ಡಿನಲ್ಲಿ ಅವತ್ತು ಎದೆಬಡಿತ ಹುಡುಕಿದ್ದ ನರ್ಸು ದೀಪ ಇದ್ದಳು. ಚಿಕ್ಕ ವಯಸ್ಸಿನವಳು. ಯಶೋಧಳನ್ನು ನೋಡಿದ್ದೇ ಕೈಯಲ್ಲಿದ್ದ ಬಿ.ಪಿ. ಯಂತ್ರ ಕೆಳಗಿಟ್ಟಳು. ಮೂಲೆಯ ಬೆಂಚಿನಲ್ಲಿ ಕೂರಿಸಿ ನೀರು ಕೊಟ್ಟಳು. ವಿಷಯ ಕೇಳಿದ ಮೇಲೆ ಅವಳ ಮುಖ ಕಪ್ಪಿಟ್ಟಿತು.

"ಅಕ್ಕ, ನಿಮ್ಮಾಣೆಗೂ ನಾನು ಸರಿಯಾಗೇ ಒತ್ತಿದ್ದೆ. ನಿರ್ಜೀವ ಜನನ ಅಂತ್ಲೇ ಒತ್ತಿದ್ದೆ."

"ನಿನ್ನ ಬಯ್ಯಕ್ಕೆ ಬಂದಿಲ್ಲ ಕಣಮ್ಮಿ. ಎಂಗಾಯ್ತು ಅಂತ ತಿಳ್ಕೊಂಡ್ರೆ ತಿದ್ದಿಸ್ಬೋದೇನೋ ಅಂತ ಬಂದೆ."

ದೀಪ ತನ್ನ ಟ್ಯಾಬು ತಂದಳು. ಆವತ್ತು ಏನು ಮಾಡಿದ್ದೆನೆಂದು ನೆನಪಿಸಿಕೊಳ್ಳುತ್ತ ಹೇಳಿದಳು. ಬದುಕಿದ ಮಗುವಾದರೆ ಮೊದಲು ತೂಕ ಮಾಡುತ್ತಾರೆ, ಮೊದಲ ಪುಟದಲ್ಲಿ ತೂಕ ಹಾಕಿಯೇ ಎರಡನೇ ಪುಟಕ್ಕೆ ಹೋಗುತ್ತಾರೆ. ಹೀಗಾದ ಮಗುವನ್ನು ಯಾರೂ ಮೊದಲು ತಕ್ಕಡಿಗೆ ಒಯ್ಯುವುದಿಲ್ಲ. ತೂಕದ ಜಾಗ ಖಾಲಿ ಬಿಟ್ಟು ಎರಡನೇ ಪುಟದಲ್ಲಿ ನಿರ್ಜೀವ ಜನನ ಎಂದು ಒತ್ತಿದ್ದಳು. ಕೊನೆಗೆ ಉಳಿಸಲು ಹೋದಾಗ ಆಪ್ ತೂಕ ಬೇಕೇ ಬೇಕೆಂದು ಹಿಂದಕ್ಕೆ ಕಳಿಸಿತ್ತು. ತೂಕ ಮಾಡಿ ಹಾಕಿ, ಮುಂದೆ, ಮುಂದೆ ಎಂದು ಒತ್ತಿ ಉಳಿಸಿದ್ದಳು.

"ಎರಡ್ನೇ ಪುಟ ಮತ್ತೆ ನೋಡ್ಲಿಲ್ಲ ಅಕ್ಕ. ಒಂದ್ಸಲ ಒತ್ತಿದ್ನಲ್ಲ, ಅಂಗೇ ಇರ್ತದೆ ಅನ್ಕಂಡೆ."

ತಿದ್ದಲು ಎರಡು ದಿನದ ಅವಕಾಶವಿತ್ತು. ಅದು ಯಾವತ್ತೋ ಮುಗಿದಿತ್ತು. ಕಂಪ್ಯೂಟರ್ ಕೋಣೆಯವನು ಮೇಲಕ್ಕೆ ಬರೆಯುತ್ತೇನೆ ಎಂದ. ಹೊರಡುವಾಗ ದೀಪ ಗೇಟಿನವರೆಗೂ ಬಂದಳು. ಅವಳ ಕಣ್ಣು ತುಂಬಿತ್ತು. ಯಶೋಧ ಅವಳ ಬೆನ್ನು ತಟ್ಟಿ, "ಹೋಗು, ವಾರ್ಡಲ್ಲಿ ನೋಡ್ಕಳಕ್ಕೆ ಯಾರೂ ಇಲ್ಲ," ಎಂದಳು. ತವರು ಅಲ್ಲಿಗೆ ಹತ್ತಿರವೇ ಇತ್ತು. ಅವಳು ಹೋಗಲಿಲ್ಲ. ಬಂದ ಬಸ್ಸು ಹತ್ತಿದಳು.

ಮೇಲಕ್ಕೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಎರಡೂವರೆ ತಿಂಗಳ ಲಸಿಕೆಯ ದಿನವೂ ಬಂತು. ಮಗುವಿನ ಹೆಸರಿನ ಪಕ್ಕದ ಚುಕ್ಕಿ ಎರಡಾಯಿತು.

ಆ ಹೊತ್ತಿಗೆ ಆಪ್ ಮಾಡಿದ ಕಂಪನಿಯಿಂದ ಒಬ್ಬಳು ಹುಡುಗಿ ಉಪಕೇಂದ್ರಗಳಿಗೆ ಬರುತ್ತಾಳೆಂದು ಸುದ್ದಿ ಬಂತು. ಹೊಸ ಆವೃತ್ತಿ ಮಾಡುತ್ತಿದ್ದಾರಂತೆ, ಅದಕ್ಕೆ ಮೊದಲು ನರ್ಸುಗಳು ಇದನ್ನು ಹೇಗೆ ಬಳಸುತ್ತಾರೆಂದು ಪಕ್ಕದಲ್ಲಿ ಕೂತು ನೋಡುತ್ತಾರಂತೆ. ನಾಗಮಂಗಲದ ಕಡೆ ಮುಗಿಸಿ ಒಂದು ಬೆಳಿಗ್ಗೆ ಅವಳು ತೋಪಿನಕೊಪ್ಪಲಿಗೆ ಬಂದಳು. ಹೆಸರು ಫಿರ್ದೋಸ್, ಶ್ರೀರಂಗಪಟ್ಟಣದವಳು. ಬೆನ್ನಿಗೆ ಬ್ಯಾಗು, ತಲೆಗೆ ದುಪಟ್ಟಾ, ಬಸ್ಸಿನ ಧೂಳಿಗೆ ಕೆಂಪಾದ ಕಣ್ಣು. ಚಲುವಮ್ಮ ಮಜ್ಜಿಗೆ ಕೊಟ್ಟಾಗ ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು.

"ನಾನು ಇನ್ಸ್‌ಪೆಕ್ಷನ್‌ಗೆ ಬಂದಿಲ್ಲ ಅಕ್ಕ," ಎಂದಳು ಯಶೋಧಳಿಗೆ. "ನೀವು ದಿನಾ ಮಾಡೋ ಹಂಗೇ ಮಾಡಿ. ಒಂದೇ ಒಂದು, ಟ್ಯಾಬು ನೋಡುವಾಗ ಮನಸ್ಸಿಗೆ ಏನು ಬರ್ತದೋ ಅದನ್ನ ಜೋರಾಗಿ ಹೇಳ್ತಾ ಹೋಗಿ. ಏನು ಬಂದ್ರೂ ಸರಿ. ನಾನು ರೆಕಾರ್ಡ್ ಮಾಡ್ಕೋತೀನಿ, ಪರವಾಗಿಲ್ವಾ?"

"ಪರ್ವಾಗಿಲ್ಲ."

ಮೊದಲು ಬಂದವನು ಕರಿಯಪ್ಪ, ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆಗೆ ಬರುವ ಮುದುಕ. ಯಶೋಧ ಅವನ ತೋಳಿಗೆ ಪಟ್ಟಿ ಸುತ್ತಿ ಟ್ಯಾಬು ತೆರೆದಳು.

"ಹೆಸರು ಹುಡುಕ್ತಾ ಇದೀನಿ. ಇಂಗ್ಲಿಷಲ್ಲಿ ಹೊಡೀಬೇಕು. ಕರಿಯಪ್ಪಂಗೆ ಒಂದು ವೈ ಹಾಕವ್ರೋ ಎರಡು ಹಾಕವ್ರೋ ನೆನಪಿಲ್ಲ. ಸಿಕ್ತು. ಈಗ ಓಟಿಪಿ ಕೇಳ್ತದೆ. ಅದು ಇವ್ರ ಮಗನ ಫೋನಿಗೆ ಹೋಗ್ತದೆ. ಮಗ ಟ್ರಾಕ್ಟರ್ ಮೇಲವ್ನೆ, ಫೋನು ಎತ್ತಲ್ಲ. ಅದಕ್ಕೆ ಬಿ.ಪಿ. ನೋಡಿ ಮಾತ್ರೆ ಕೊಟ್ಟು ಕಳಿಸ್ತೀನಿ. ಸಂಜೆ ಮಗ ಸಿಕ್ಕಿದಾಗ ಓಟಿಪಿ ಕೇಳಿ ತುಂಬ್ತೀನಿ."

"ಅವ್ವಾ, ಅದ್ರಲ್ಲಿ ನನ್ನ ಇನ್ನೂ ಎಣ್ಣೆ ಕುಡೀತೀಯಾ ಅಂತ ಕೇಳ್ತದಾ?" ಎಂದ ಕರಿಯಪ್ಪ.

"ಪ್ರತಿ ತಿಂಗಳೂ ಕೇಳ್ತದೆ."

"ಬುಟ್ಟು ಮೂರು ವರ್ಸಾತು ಅಂತ ಒಂದ್ಸಲ ಸರ್ಯಾಗಿ ಏಳ್ಬುಡವ್ವ ಅದ್ಕೆ."

ಫಿರ್ದೋಸ್ ನಕ್ಕಳು. ಯಶೋಧ ನಗಲಿಲ್ಲ, ಆದರೆ ಮುಖ ಬಿಗಿಯಾಗಿಯೂ ಇರಲಿಲ್ಲ. ಕರಿಯಪ್ಪ ಮಾತ್ರೆ ಎತ್ತಿಕೊಂಡು ಹೋದ. ಇನ್ನೂ ಕೆಲವರು ಬಂದು ಹೋದರು. ಜನ ಕಡಿಮೆಯಾದಾಗ ಫಿರ್ದೋಸ್, ಲಸಿಕೆಯ ಪಟ್ಟಿ ತೋರಿಸಿ ಎಂದಳು. ಯಶೋಧ ತೆರೆದಳು.

"ಬಾಕಿ ಪಟ್ಟಿ ತೆಗ್ದೆ. ಒಂದೇ ಒಂದು ಅದೆ. ಎರಡು ಚುಕ್ಕಿ, ಎರಡು ಸಲದ್ದು ಬಾಕಿ. ಇದನ್ನ ನೋಡ್ತೀನಿ, ಆಮೇಲೆ ಮುಚ್ತೀನಿ."

"ಯಾಕೆ ಮುಚ್ತೀರ? ಇದು ಯಾಕೆ ಬಾಕಿ ಉಳಿದಿದೆ?"

"ಮಗು ಇಲ್ಲ."

"ಊರಲ್ಲಿಲ್ವಾ?"

"ಎಲ್ಲೂ ಇಲ್ಲ. ಹುಟ್ಟುವಾಗ್ಲೇ ಜೀವ ಇರ್ಲಿಲ್ಲ. ಆಪಲ್ಲಿ ಬದುಕಿ ಅದೆ."

ಫಿರ್ದೋಸ್ ಪರದೆಯ ಕಡೆ ಬಾಗಿದಳು. "ಅಯ್ಯೋ. ಈ ತಾಯಿ ಇಲ್ಲೇ ಇದಾರಾ? ನಾವು ಅವರನ್ನ ಮಾತಾಡ್ಸ್ಬೋದಾ?"

"ಮಾತಾಡ್ಸ್ತಾ ಇದ್ದೀರಲ್ಲ."

ಫಿರ್ದೋಸ್ ಹೆಸರು ಓದಿದಳು. ಆಮೇಲೆ ಯಶೋಧಳ ಎದೆಯ ಮೇಲಿದ್ದ ಹೆಸರಿನ ಪಟ್ಟಿ ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ಚಲುವಮ್ಮ ಹೊರಗೆ ಹೋದಳು. ಫಿರ್ದೋಸ್ ರೆಕಾರ್ಡ್ ನಿಲ್ಲಿಸಲು ಫೋನಿಗೆ ಕೈ ಹಾಕಿದಳು.

"ನಿಲ್ಲಿಸ್ಬೇಡಿ," ಎಂದಳು ಯಶೋಧ. "ಎಂಗಾಯ್ತು ಅಂತ ತೋರಿಸ್ತೀನಿ. ಕಲಿಯಕ್ಕೆ ಅಂತ ಸುಳ್ಳು ಹೆಸ್ರಿರೋ ಟ್ಯಾಬು ತಂದಿದೀರಲ್ಲ, ಅದನ್ನ ಕೊಡಿ."

ಫಿರ್ದೋಸ್ ಕೊಟ್ಟಳು. ಯಶೋಧ ಒಂದು ಸುಳ್ಳು ಹೆಸರು ಆರಿಸಿ ಹೆರಿಗೆಯ ಪುಟ ತೆರೆದಳು. ಕರಿಯಪ್ಪನ ಹೆಸರು ಹುಡುಕಿದ ದನಿಯಲ್ಲೇ ಹೇಳುತ್ತ ಹೋದಳು.

"ಹೆಣ್ಣು ಅಂತ ಒತ್ದೆ. ತೂಕ ಖಾಲಿ ಬುಟ್ಟೆ. ಮುಂದೆ. ಇಲ್ಲಿ ಮೊದ್ಲೇ ಸಜೀವ ಜನನಕ್ಕೆ ಗುರುತು ಬಿದ್ದದೆ. ನಾನು ಅದನ್ನ ತೆಗ್ದು ನಿರ್ಜೀವ ಜನನ ಒತ್ದೆ. ಉಳಿಸು ಅಂದೆ. ತೂಕ ಇಲ್ಲ ಅಂತ ಹಿಂದಕ್ಕೆ ಕಳಿಸ್ತು. ತೂಕ ಹಾಕ್ದೆ, ಎರಡು ಕೆಜಿ ಏಳ್ನೂರು ಗ್ರಾಂ. ಮುಂದೆ. ಈಗ ನೋಡಿ."

ಎರಡನೇ ಪುಟದಲ್ಲಿ ಗುರುತು ಮತ್ತೆ ಸಜೀವ ಜನನಕ್ಕೇ ಬಂದು ಕೂತಿತ್ತು.

ಫಿರ್ದೋಸ್ ಟ್ಯಾಬು ಇಸಿದುಕೊಂಡು ತಾನೇ ಮೊದಲಿನಿಂದ ಮಾಡಿದಳು. ಹಾಗೆಯೇ ಆಯಿತು. ಇನ್ನೊಂದು ಹೆಸರು ತೆಗೆದು ಮಾಡಿದಳು. ಆಗಲೂ ಹಾಗೆಯೇ.

"ಹಿಂದಕ್ಕೆ ಹೋದ್ರೆ ಅದು ಮರ್ತುಬಿಡ್ತದೆ," ಎಂದಳು ಕೊನೆಗೆ. "ಬದುಕಿರೋ ಮಗು ಆದ್ರೆ ಮರೆತ್ರೂ ಗೊತ್ತಾಗಲ್ಲ. ಸಜೀವ ಅಂತ್ಲೇ ಇರ್ತದಲ್ಲ. ಇಂಥಾದ್ದಕ್ಕೆ ಮಾತ್ರ..." ಮಾತು ಅಲ್ಲಿಗೇ ನಿಲ್ಲಿಸಿ ಫೋನಿನ ಕಡೆ ನೋಡಿದಳು. ರೆಕಾರ್ಡ್ ಆಗುತ್ತಲೇ ಇತ್ತು. "ಮೊದಲೇ ಗುರುತು ಹಾಕಿಟ್ಟಿದ್ದು ಯಾಕೆ ಗೊತ್ತಾ ಅಕ್ಕ? ನರ್ಸುಗಳಿಗೆ ಒಂದು ಸಲ ಒತ್ತೋ ಕೆಲಸ ಉಳೀಲಿ ಅಂತ. ಆ ಮೀಟಿಂಗಲ್ಲಿ ನಾನೂ ಇದ್ದೆ. ಒಳ್ಳೇ ಯೋಚನೆ ಅಂತ ಎಲ್ರೂ ಅಂದ್ವಿ."

"ಒಳ್ಳೇದೇ," ಎಂದಳು ಯಶೋಧ. "ನಮಗೂ ಕೆಲಸ ಉಳೀತು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಫಿರ್ದೋಸ್‌ಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತೇನೋ. ಅವಳು ತಲೆ ತಗ್ಗಿಸಿ ಕೂತಳು. ಅವಳ ಮೂಗಿನ ತುದಿಯಿಂದ ಒಂದು ಹನಿ ಪರದೆಯ ಮೇಲೆ ಬಿತ್ತು. ದುಪಟ್ಟಾ ತುದಿಯಿಂದ ಒರೆಸಿದಳು. ಒರೆಸಿದ್ದಕ್ಕೆ ಟ್ಯಾಬಿನಲ್ಲಿ ಇನ್ಯಾವುದೋ ಪುಟ ತೆರೆದುಕೊಂಡಿತು.

ಯಶೋಧ ಅದನ್ನು ನೋಡುತ್ತಿದ್ದಳು. ಈ ಹುಡುಗಿ ತನಗಾಗಿ ಅಳುತ್ತಿದ್ದಾಳೆ. ದೀಪ ಅತ್ತಿದ್ದಳು, ಚಲುವಮ್ಮ ಅತ್ತಿದ್ದಳು. ತಾನು ಮಾತ್ರ ಎಲ್ಲರ ಬೆನ್ನು ತಟ್ಟುತ್ತ ತಿರುಗುತ್ತಿದ್ದೇನೆ ಅನ್ನಿಸಿತು. "ಊಟ ಮಾಡ್ಕಂಡು ಹೋಗಿ," ಎಂದಳು.

ಫಿರ್ದೋಸ್ ಊಟ ಮಾಡಿಕೊಂಡೇ ಹೋದಳು. ಹತ್ತು ಹದಿನೈದು ದಿನದ ಮೇಲೆ ಫೋನ್ ಮಾಡಿದಳು.

"ಅಕ್ಕ, ನಿಮ್ಮ ರೆಕಾರ್ಡಿಂಗ್ ಆಫೀಸಲ್ಲಿ ಎಲ್ರಿಗೂ ಕೇಳಿಸ್ದೆ. ನಿಮ್ಮ ಹೆಸರು ಹೇಳಿಲ್ಲ. ಹುಡುಕಿ ನೋಡಿದ್ರೆ ನಿಮ್ಮದೊಂದೇ ಅಲ್ಲ, ಬೇರೆ ಕಡೆನೂ ಹಿಂಗೇ ಆಗಿದೆ. ಹೊಸದರಲ್ಲಿ ಸರಿ ಮಾಡ್ತಾ ಇದ್ದಾರೆ."

"ಸರಿ."

"ನಿಮ್ಮದನ್ನ ಈಗ್ಲೇ ತೆಗೀಬೇಕು ಅಂದ್ರೆ ಎರಡು ದಾರಿ ಇದೆ ಅಂದ್ರು. ಒಂದು, ಮಗು ಹುಟ್ಟಿ ಆಮೇಲೆ ತೀರಿಕೊಂಡಿತು ಅಂತ ಹಾಕೋದು. ಇಲ್ಲಾಂದ್ರೆ ಹೆರಿಗೆನೇ ಆಗಿಲ್ಲ ಅನ್ನೋ ಹಂಗೆ ಪೂರ್ತಿ ಅಳಿಸಿಬಿಡೋದು. ಎರಡೂ ಇಲ್ಲಿಂದ್ಲೇ ಮಾಡ್ಬೋದು, ನಾಳೆಗೇ ಆಗ್ತದೆ. ಚುಕ್ಕಿ ಹೋಗ್ತದೆ, ಮೆಸೇಜೂ ನಿಲ್ತದೆ."

ಯಶೋಧ ಉಪಕೇಂದ್ರದ ಹಿಂದೆ, ನೆಟ್‌ವರ್ಕ್ ಸಿಗುವ ನೀರಿನ ಟ್ಯಾಂಕಿನ ಬುಡದಲ್ಲಿ ನಿಂತಿದ್ದಳು.

"ಇದ್ದಂಗೇ ಬರ್ಯಕ್ಕೆ ಆಗಲ್ವಾ?"

"ಹೊಸ ಆವೃತ್ತಿ ಬಂದ ಮೇಲೆ ಆಗ್ತದೆ ಅಕ್ಕ. ಅದರಲ್ಲಿ ತಿದ್ದೋಕೆ ನಿಮಗೇ ಅವಕಾಶ ಇರ್ತದೆ. ಆದ್ರೆ ಇನ್ನೂ ಒಂದೆರಡು ತಿಂಗಳಾಗ್ಬೋದು. ಅಲ್ಲೀವರ್ಗೂ ಹಂಗೇ ಇರ್ತದೆ."

"ಇರ್ಲಿ."

"ಮೀಟಿಂಗಲ್ಲಿ ಕೇಳ್ತಾರಲ್ಲ ಅಕ್ಕ."

"ಕೇಳ್ಲಿ. ಅದು ಉಸಿರಾಡಿಲ್ಲ. ಉಸಿರಾಡ್ತು ಅಂತ ಹಾಕ್ಬೇಡಿ. ಹುಟ್ಟೇ ಇಲ್ಲ ಅಂತ್ಲೂ ಹಾಕ್ಬೇಡಿ, ನಾನು ಹೆತ್ತಿದೀನಿ."

 "ಸರಿ ಅಕ್ಕ. ಹಂಗೇ ಬಿಡಕ್ಕೆ ಹೇಳ್ತೀನಿ," ಎಂದಳು ಫಿರ್ದೋಸ್.

ಮುಂದಿನ ಸಭೆಯಲ್ಲಿ ಗೋಡೆಯ ಮೇಲೆ ತೋಪಿನಕೊಪ್ಪಲು ಮತ್ತೆ ಕೆಂಪಾಗಿತ್ತು. ಪುಟ್ಟರಾಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಮ್ಮ, ಇನ್ನೂ ಆ ಒಂದು ಮಗು ಮನೆಗೆ ಹೋಗಿಲ್ವಾ ನೀವು?"

ಯಶೋಧ ಎದ್ದು ನಿಂತಳು. "ದಿನಾ ಹೋಗ್ತೀನಿ ಸಾರ್, ಅದು ನಮ್ಮನೆ. ಮಗು ನಂದೇ. ಹುಟ್ಟುವಾಗ್ಲೇ ಜೀವ ಇರ್ಲಿಲ್ಲ. ಆಪಲ್ಲಿ ತಪ್ಪಾಗಿ ಬದುಕಿ ಅದೆ ಅಂತ ಬಿದ್ದದೆ. ಹೊಸಾದು ಬಂದ್ಮೇಲೆ ನಾನೇ ತಿದ್ತೀನಿ. ಅಲ್ಲೀವರ್ಗೂ ನಮ್ಮ ಕೇಂದ್ರ ಇಂಗೇ ಕೆಂಪಗಿರ್ತದೆ."

ಪುಟ್ಟರಾಜು ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದರು. "ನಂಗೆ ಗೊತ್ತಿರ್ಲಿಲ್ಲ ತಾಯಿ," ಎಂದರು. "ಕೂತ್ಕಳಿ. ಕೂತ್ಕಳಿ."

ಪಕ್ಕದ ಕುರ್ಚಿಯವಳು ಯಶೋಧಳ ಕೈ ಹಿಡಿದುಕೊಂಡಳು. ಸಭೆ ಮುಗಿಯುವವರೆಗೂ ಬಿಡಲಿಲ್ಲ. ಆ ಕೈ ಬೆಚ್ಚಗಿದೆ ಎಂದು ಯಶೋಧಳಿಗೆ ತಿಳಿಯುತ್ತಿತ್ತು.

ಹೊಸ ಆವೃತ್ತಿ ಬಂದದ್ದು ಚಳಿ ಶುರುವಾದ ಮೇಲೆ. ಟ್ಯಾಬು ಅರ್ಧ ದಿನ ಗಿರಗಿರ ಸುತ್ತಿ ಕೊನೆಗೆ ತೆರೆದುಕೊಂಡಿತು. ಇಂಗ್ಲಿಷಿನಲ್ಲಿದ್ದ ಅಕ್ಷರಗಳು ಈಗ ಕನ್ನಡವಾಗಿದ್ದವು. ಯಶೋಧ ಗಿರೀಶನಿಗೆ ಫೋನ್ ಮಾಡಿ, ಡೈರಿ ಕೆಲಸ ಮುಗಿದ ಮೇಲೆ ಬನ್ನಿ ಎಂದಳು. ಅವನು ಹಾಲಿನ ವಾಸನೆಯ ಅಂಗಿಯಲ್ಲೇ ಬಂದು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತ.

ಅವಳು ಮಗುವಿನ ಪುಟ ತೆಗೆದಳು. 'ಹೆರಿಗೆಯ ವಿವರ ತಿದ್ದಿ' ಎಂಬ ಗುಂಡಿ ಇತ್ತು. ಒತ್ತಿದಳು. ಸಜೀವ, ನಿರ್ಜೀವ, ಎರಡೂ ಖಾಲಿ ಇದ್ದವು. ಯಾವುದಕ್ಕೂ ಮೊದಲೇ ಗುರುತು ಬಿದ್ದಿರಲಿಲ್ಲ. ನಿರ್ಜೀವ ಜನನ ಎಂದು ಒತ್ತಿದಳು. ಖಚಿತವೇ ಎಂದು ಆಪ್ ಕೇಳಿತು. ಹೌದು ಎಂದಳು. ಬಾಕಿ ಪಟ್ಟಿಯಿಂದ ಆ ಸಾಲು ಹೋಯಿತು. ಜಾಗ ಖಾಲಿಯಾಯಿತು.

"ಇಷ್ಟೇಯಾ?" ಎಂದ ಗಿರೀಶ.

"ಇಷ್ಟೇ."

 ಏನಾದರೂ ಆಗುತ್ತದೆ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಕಿಟಕಿ ಹಾಕಿದಳು. ಕೈ ತೊಳೆದುಕೊಂಡಳು. ಟವೆಲಿಗೆ ಒರೆಸಿಕೊಳ್ಳುತ್ತ, ಅವನ ಕಡೆ ತಿರುಗದೆ ಕೇಳಿದಳು.

"ಎಲ್ಲಿ ಮಲಗ್ಸಿದ್ರಿ ಅದ್ನ?"

ಅವಳು ಇದನ್ನು ಯಾವತ್ತೂ ಕೇಳಿರಲಿಲ್ಲ. ಅವತ್ತು ಅವಳು ಆಸ್ಪತ್ರೆಯಲ್ಲಿದ್ದಳು. ಅಪ್ಪ ಮತ್ತು ಗಿರೀಶ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದರು.

"ನಿಮ್ಮಪ್ಪನ ಕಬ್ಬಿನ ಗದ್ದೆ ಬದಿನಲ್ಲಿ," ಎಂದ ಗಿರೀಶ.

ಭಾನುವಾರ ಬೈಕಿನಲ್ಲಿ ಹೋದರು. ಅಪ್ಪನ ಗದ್ದೆಯ ಕಬ್ಬು ಕಡಿದು ಫ್ಯಾಕ್ಟರಿಗೆ ಹೋಗಿತ್ತು. ಸೋಗೆಗೆ ಬೆಂಕಿ ಹಾಕಿದ್ದರಿಂದ ನೆಲವೆಲ್ಲ ಕಪ್ಪಗಿತ್ತು. ಗಿರೀಶ ಬದುವಿನ ಮೇಲೆ ಮುಂದೆ ನಡೆದ, ಒಂದು ಕಡೆ ನಿಂತ, ಮತ್ತೆ ಹಿಂದಕ್ಕೆ ಬಂದ. ಸುತ್ತ ನೋಡಿದ.

"ಆವಾಗ ಕಬ್ಬು ನನ್ನ ಎದೆಮಟ್ಟ ಇತ್ತು," ಎಂದ. "ಇಲ್ಲೊಂದು ಕಲ್ಲು ಇಟ್ಟಿದ್ವಿ. ಲಾರಿ ಒಳೀಕೆ ಬಂದಾಗ ಬದು ಒಡ್ದು ಮತ್ತೆ ಕಟ್ಟವ್ರೆ ಅಂತ ಕಾಣ್ತದೆ. ಇಲ್ಲೇ ಇರ್ಬೇಕು. ಇಲ್ಲಾಂದ್ರೆ ಒಸಿ ಆ ಕಡಿಕೆ."

"ಸರ್ಯಾಗಿ ಗೊತ್ತಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನ ಬಾಯಿ ಸೊಟ್ಟಗಾಯಿತು. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ.

ಯಶೋಧ ಅವನ ಬೆನ್ನು ತಟ್ಟಲಿಲ್ಲ. ಚಪ್ಪಲಿ ಬಿಟ್ಟು ಗದ್ದೆಗೆ ಇಳಿದಳು. ಅವನು ತೋರಿಸಿದ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಬದುವಿನ ಪಕ್ಕದಲ್ಲೇ ನಡೆದಳು. ಕಡಿದ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿತು. ನೋವಾಯಿತು. ಅವಳು ನಿಂತು ಕಾಲೆತ್ತಿ ನೋಡಿಕೊಂಡಳು. ರಕ್ತ ಬಂದಿತ್ತು. ಅಲ್ಲೇ ಕೂತು, ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೋಯ್ತಾ ಅದೆ ಕಣ್ರೀ," ಎಂದಳು. ಗಿರೀಶ ಎದ್ದು ಅವಳ ಹತ್ತಿರ ಬಂದ.